ಮೂರು ಸಾವಿರ ಪೊರಕೆ, ಎರಡು ಮುದ್ರೆ

ಮಾರ್ಚ್ ೪, ಮಂಗಳವಾರ

ಈ ಊರಿನ ಯಾವ ಕಚೇರಿಯ ಮುದ್ರೆಯೂ ನನ್ನನ್ನು ಕೇಳದೆ ಕಾಗದದ ಮೇಲೆ ಬೀಳುವುದಿಲ್ಲ. ಇದು ಜಂಬವಲ್ಲ, ಇದ್ದ ಸಂಗತಿ. ಮೂವತ್ತೊಂದು ವರ್ಷ ಲಾರಿ ತೂಗುವ ಕಟ್ಟೆಯಲ್ಲಿ ಕೂತು ಚೀಟಿ ಹರಿದುಕೊಟ್ಟವನು ನಾನು. ಎಂಥೆಂಥ ಸಾಹೇಬರ ಸರಕೂ ನನ್ನ ಚೀಟಿ ಇಲ್ಲದೆ ಒಂದು ಗೇಣು ಮುಂದೆ ಸರಿದದ್ದಿಲ್ಲ. ಆ ಸಾಹೇಬರೆಲ್ಲ ಇವತ್ತಿಗೂ ನನ್ನ ಹೆಸರು ಹೇಳಿಕೊಂಡೇ ಊಟಕ್ಕೆ ಕೂರುತ್ತಾರೆ.

ಹೀಗಿರುವಾಗ ಇವತ್ತು ತಮ್ಮನ ಮಗಳು ಊಟದ ತಟ್ಟೆಯ ಮುಂದೆ ತಲೆ ಹಿಡಿದು ಕೂತರೆ ನಾನು ಸುಮ್ಮನಿರುವುದು ಹೇಗೆ? ಅವಳನ್ನು ನಾನು ಪೊರಕೆರಾಣಿ ಎನ್ನುತ್ತೇನೆ. ಊರಾಚೆಯ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರನ್ನು ಕೂರಿಸಿಕೊಂಡು ಹುಲ್ಲಿನ ಪೊರಕೆ ಕಟ್ಟಿಸುತ್ತಾಳೆ, ಹಿಡಿಗೆ ಬಣ್ಣದ ದಾರ ಸುತ್ತಿಸುತ್ತಾಳೆ. ಸಮುದ್ರದಾಚೆಯ ಒಂದು ಅಂಗಡಿಯವರು ಮೂರು ಸಾವಿರ ಬೇಕೆಂದು ಬರೆದಿದ್ದಾರೆ. ಅಲ್ಲಿಯವರ ಮನೆಯಲ್ಲೂ ಕಸ ಬೀಳುತ್ತದೆಂದು ತಿಳಿದು ಮನಸ್ಸಿಗೆ ಸಮಾಧಾನವಾಯಿತು.

ಪೊರಕೆಯದು ತೊಂದರೆಯಿಲ್ಲ, ತೊಂದರೆ ಕಾಗದದ್ದು. ಈ ಸರಕು ಇದೇ ದೇಶದಲ್ಲಿ ಹುಟ್ಟಿದ್ದು ಎಂದು ವಾಣಿಜ್ಯ ಮಂಡಳಿಯವರು ಮೂಲ ಪ್ರಮಾಣಪತ್ರ ಕೊಡಬೇಕಂತೆ. ಪೊರಕೆಗೂ ಜನನ ಪತ್ರ. ಅದರ ಮೇಲೆ ಆ ದೇಶದ ದೂತಾವಾಸದವರು ತಮ್ಮದೊಂದು ಮುದ್ರೆ ಒತ್ತಬೇಕು. ಎರಡೂ ಮುದ್ರೆ ಬಿದ್ದ ಆ ಒಂದು ಹಾಳೆ ಇಪ್ಪತ್ತನೇ ತಾರೀಕು ಸಂಜೆ ನಾಲ್ಕರೊಳಗೆ ಹಡಗಿನ ಏಜೆಂಟರ ಮೇಜಿನ ಮೇಲಿರಬೇಕು. ತಪ್ಪಿದರೆ ಹಡಗು ಹೋಗುತ್ತದೆ, ಪೊರಕೆ ಉಳಿಯುತ್ತದೆ. ಅಂಗಡಿಯವರು ಬೇರೆ ಕಡೆ ಕೊಳ್ಳುತ್ತಾರೆ. ಎರಡು ತಿಂಗಳಿಂದ ಆ ಹನ್ನೊಂದು ಜನ ಬೇರೆ ಕೆಲಸ ಮುಟ್ಟಿಲ್ಲ.

"ನಿಮಗ್ಯಾಕೆ ದೊಡ್ಡಪ್ಪ ಈ ಅಲೆದಾಟ, ನಾನೇ ಹೇಗೋ ಬಿಡುವು ಮಾಡ್ಕೊಂಡು ಹೋಗ್ತೀನಿ," ಎಂದಳು.

"ನೀನು ಹೋದ್ರೆ ನಿನ್ನನ್ನ ಕೂರಿಸ್ತಾರೆ. ನಾನು ಹೋದ್ರೆ ಅವ್ರು ಎದ್ದು ನಿಲ್ತಾರೆ," ಎಂದೆ.

ಒಳಗಿಂದ ತಮ್ಮನ ಹೆಂಡತಿ ಕೆಮ್ಮಿದಳು. ಆ ಕೆಮ್ಮಿನ ಅರ್ಥ ನನಗೆ ಇಪ್ಪತ್ತು ವರ್ಷದಿಂದ ಗೊತ್ತು.

ಹದಿನೆಂಟಕ್ಕೆ ಹಲ್ಲಿನ ಡಾಕ್ಟರು ಬರಹೇಳಿದ್ದಾರೆ. ಮೇಲಿನ ಸಾಲು, ಕೆಳಗಿನ ಸಾಲು, ಪೂರಾ ಸೆಟ್ಟು. ಎರಡು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟದ್ದು ಅದಕ್ಕೇ. ಅಷ್ಟರೊಳಗೆ ಈ ಕಾಗದದ ಕೆಲಸ ನನ್ನ ಎಡಗೈ ಕಿರುಬೆರಳಿನಲ್ಲಿ ಮುಗಿದಿರುತ್ತದೆ.

ಮಾರ್ಚ್ ೫, ಬುಧವಾರ

ಮಂಡಳಿಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಕುರ್ಚಿಗಳು ಭಾರವಿದ್ದವು, ಅದೇ ಕಾರಣವಿರಬೇಕು.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಬೆಂಚಿನ ಮೇಲೆ ಕೂತೆ, ಎದ್ದೆ, ಕೂತೆ. ಕಿಟಕಿಯ ಹಿಂದೆ ಒಬ್ಬ ಮೇಡಂ. ಎಡಗೈಯವರು. ಎಡಗೈಯಲ್ಲೇ ಸಹಿ, ಎಡಗೈಯಲ್ಲೇ ಮುದ್ರೆ. ಒತ್ತುವಾಗ ಮೊಣಕೈ ಮೇಜಿನ ಅಂಚಿಗೆ ತಾಗುವುದರಿಂದ ಮುದ್ರೆ ಪ್ರತಿಸಲವೂ ಎಡಕ್ಕೆ ವಾಲಿ ಬೀಳುತ್ತದೆ, ಗಾಳಿಗೆ ಬಾಗಿದ ಗಿಡದ ಹಾಗೆ. ನಲವತ್ತೆರಡು ಮುದ್ರೆ ಎಣಿಸಿದೆ. ಒಂದಾದರೂ ನೆಟ್ಟಗಿರಲಿಲ್ಲ.

ನನ್ನ ಸರದಿ ಬಂದಾಗ, ಪೆಟ್ಟಿಗೆಯ ಸಂಖ್ಯೆ ಬರೆದಿದ್ದೀರಿ, ತೂಕ ಬರೆದಿಲ್ಲ ಎಂದು ಅರ್ಜಿ ವಾಪಸು ಮಾಡಿದರು. ತೂಕ. ನನಗೆ. ಮೂವತ್ತೊಂದು ವರ್ಷ ತೂಗಿದವನಿಗೆ.

ಮಾರ್ಚ್ ೬, ಗುರುವಾರ

ಗೆದ್ದೆ. ತೂಕ ಬರೆದುಕೊಟ್ಟೆ, ಹನ್ನೆರಡಕ್ಕೆ ಪ್ರಮಾಣಪತ್ರ ಕೈಗೆ ಬಂತು. ದಪ್ಪ ಕಾಗದ, ಸುತ್ತ ಬಳ್ಳಿಯ ಅಂಚು, ಕೆಳಗೆ ಎಡಕ್ಕೆ ವಾಲಿದ ನೀಲಿ ಮುದ್ರೆ. ಸರಕಿನ ಬಿಲ್ಲಿನ ಪ್ರತಿಗೂ ಅದೇ ಮುದ್ರೆ ಒತ್ತಿಕೊಟ್ಟರು. ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದೆ. ಪಕ್ಕದವನೂ ನೋಡಲೆಂದು ಸ್ವಲ್ಪ ಅವನ ಕಡೆಗೇ ಹಿಡಿದಿದ್ದೆ.

ಒಳ್ಳೆಯ ಕಾಗದವನ್ನು ಹೇಗೆ ಕಾಪಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ಮೆಟ್ರಿಕ್‌ಗೆ ಮೊದಲಿಗನಾಗಿ ಬಂದ ಪತ್ರವನ್ನು ಟ್ರಂಕಿನಲ್ಲಿಟ್ಟು ಗೆದ್ದಲಿಗೆ ಬಡಿಸಿದವನು ನಾನು. ಅದೊಂದು ಇದ್ದಿದ್ದರೆ ತೂಕದ ಕಟ್ಟೆಯಲ್ಲಿ ಏಕೆ ಕೂರುತ್ತಿದ್ದೆ? ಅವತ್ತಿನಿಂದ ನನ್ನದೊಂದು ನಿಯಮ: ಮುದ್ರೆ ಬಿದ್ದ ಕಾಗದ ಮನೆಗೆ ಬರುವ ಮೊದಲು ಲ್ಯಾಮಿನೇಶನ್ ಅಂಗಡಿಗೆ ಹೋಗಬೇಕು. ನನ್ನ ಪಿಂಚಣಿ ಪತ್ರ, ಗ್ಯಾಸಿನ ರಸೀದಿ, ತಮ್ಮನ ಮನೆಯ ನಲ್ಲಿಯ ಪರವಾನಗಿ, ಎಲ್ಲಕ್ಕೂ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದ್ದೇನೆ.

ಹಾಗೇ ಇದಕ್ಕೂ ತೊಡಿಸಿದೆ. ಅಂಗಡಿಯವನು ಮೂವತ್ತು ರೂಪಾಯಿ ತೆಗೆದುಕೊಂಡ. ಕನ್ನಡಿಯಂತೆ ಹೊಳೆಯುತ್ತಿದೆ. ನೀರು ಬಿದ್ದರೆ ಜಾರಿಹೋಗುತ್ತದೆ. ಪೊರಕೆರಾಣಿಗೆ ತೋರಿಸುವುದಿಲ್ಲ, ಎರಡನೇ ಮುದ್ರೆಯೂ ಬಿದ್ದ ಮೇಲೆ ಒಟ್ಟಿಗೆ ತೋರಿಸಿ ಬಾಯಿ ಮುಚ್ಚಿಸುತ್ತೇನೆ.

ಮಾರ್ಚ್ ೭, ಶುಕ್ರವಾರ

ದೂತಾವಾಸದವರು ಕಾಗದ ತೆಗೆದುಕೊಳ್ಳುವುದು ಸೋಮವಾರ ಮತ್ತು ಬುಧವಾರ ಮಾತ್ರ, ಕೊಡುವುದು ಮರುದಿನ. ಮಿಕ್ಕ ದಿನ ಏನು ಮಾಡುತ್ತಾರೋ. ನಾನಂತೂ ಕಾಲು ಸುಟ್ಟ ಬೆಕ್ಕಿನಂತೆ ಮಾಳಿಗೆಯಿಂದ ಕೆಳಗೆ, ಕೆಳಗಿಂದ ಮಾಳಿಗೆಗೆ ಓಡಾಡಿದೆ. ತಮ್ಮನ ಹೆಂಡತಿ, ಭಾವ, ಮೆಟ್ಟಿಲು ಸವೀತಾ ಇದೆ ಎಂದಳು.

ಮಾರ್ಚ್ ೧೦, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಕೈ ಸುಮ್ಮನಿರುತ್ತಿಲ್ಲ.

ದೂತಾವಾಸದಲ್ಲಿ ಗಾಜಿನ ಹಿಂದೆ ಕೂತವನು ನನ್ನ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದ. ಉಗುರಿನಿಂದ ಕೆರೆದ. ಯಾರು ಮಾಡಿದ್ದು ಇದನ್ನು ಎಂದ. ನಾನೇ ಮಾಡಿಸಿದ್ದು ಎಂದೆ. ಹೊಗಳುತ್ತಾನೆ ಎಂದುಕೊಂಡಿದ್ದೆ.

ಅವನು ಮುದ್ರೆ ತೆಗೆದು ಮೂಲೆಯಲ್ಲಿ ಒತ್ತಿದ. ಕೈವಸ್ತ್ರದಲ್ಲಿ ಒರೆಸಿದ. ಮುದ್ರೆ ಕೈವಸ್ತ್ರಕ್ಕೆ ಬಂತು, ಪತ್ರ ಸ್ವಚ್ಛವಾಗಿ ಹೊಳೆಯಿತು.

"ಎಲ್ಲಿ ಒತ್ತಲಿ ಸ್ವಾಮಿ, ನೀವೇ ಹೇಳಿ. ನಾವು ಕಾಗದಕ್ಕೆ ಒತ್ತೋರು, ಪ್ಲಾಸ್ಟಿಕ್ಕಿಗಲ್ಲ," ಎಂದ. ಪಕ್ಕದ ಕಿಟಕಿಯವನನ್ನು ಕರೆದು ತೋರಿಸಿದ. ಆ ಪಕ್ಕದವನು ಇನ್ನೊಬ್ಬನನ್ನು ಕರೆದ. ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಇಂಗು ತಿಂದ ಮಂಗನಂತೆ ನಾನೂ ಅವರ ಜೊತೆ ನಕ್ಕೆ.

ಸಂಜೆ ಪೊರಕೆರಾಣಿ ಎಲ್ಲಿಗೆ ಬಂತು ದೊಡ್ಡಪ್ಪ ಎಂದಳು. ನಡೀತಾ ಇದೆ, ದೊಡ್ಡ ಸಾಹೇಬ್ರು ಚಹಾ ಕೊಟ್ಟು ಕಳಿಸಿದ್ರು ಎಂದೆ. ಹುಲ್ಲು ಸೀಳಿದ ಬೆರಳುಗಳ ತುದಿಗೆಲ್ಲ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು. ಎರಡು ಸಾವಿರದ ನಾನೂರು ಕಟ್ಟಿ ಮುಗಿದವಂತೆ.

ಮಾರ್ಚ್ ೧೧, ಮಂಗಳವಾರ

ಇಸ್ತ್ರಿಪೆಟ್ಟಿಗೆ ಬೆಚ್ಚಗೆ ಮಾಡಿ, ಬ್ಲೇಡಿನಿಂದ ಅಂಚು ಬಿಡಿಸಿ, ಉಸಿರು ಬಿಗಿಹಿಡಿದು ಎಳೆದೆ. ಪ್ಲಾಸ್ಟಿಕ್ ಬಂತು. ಅದರ ಹಿಂದೆಯೇ ಮಂಡಳಿಯ ಮುದ್ರೆಯೂ ಕಾಗದದ ಸಿಪ್ಪೆ ಸಮೇತ ಬಂತು. ಮದುವೆಯಾದವರು ಕೂಡ ಹೀಗೆ ಅಂಟಿಕೊಂಡಿರುವುದಿಲ್ಲ.

ಇಸ್ತ್ರಿಪೆಟ್ಟಿಗೆಯ ತಳಕ್ಕೂ ಅಂಟಿತು. ಅಲ್ಲಿಂದ ತಮ್ಮನ ಬಿಳಿ ಅಂಗಿಯ ಬೆನ್ನಿಗೆ. ಅವನ ಹೆಂಡತಿ ಕೇಳಿದ್ದಕ್ಕೆ ಒಂದು ಪ್ರಯೋಗ ಮಾಡುತ್ತಿದ್ದೆ ಎಂದೆ. ಹಾಳಾದ ಪತ್ರ ದಿಂಬಿನ ಚೀಲದೊಳಗಿದೆ. ಮಲಗಿದರೆ ಚರಚರ ಎನ್ನುತ್ತದೆ.

ಮಾರ್ಚ್ ೧೨, ಬುಧವಾರ

ಬುದ್ಧಿವಂತನಿಗೆ ಬಾಗಿಲು ಒಂದೇ ಅಲ್ಲ.

ಮಂಡಳಿಯ ಎದುರಿನ ಚಹಾ ಅಂಗಡಿಯಲ್ಲಿ ಒಬ್ಬ ಸಿಕ್ಕಿದ. ಹತ್ತು ಮಾರು ದೂರದಿಂದಲೇ ಸೆಂಟಿನ ವಾಸನೆ, ಕಂಕುಳಲ್ಲಿ ಚರ್ಮದ ಚೀಲ. ನಾನು ಬಾಯಿ ಬಿಡುವ ಮೊದಲೇ, ಕಾಗದದ ತಾಪತ್ರಯವಾ ಯಜಮಾನ್ರೆ ಎಂದ. ಇಂಥವರನ್ನು ನಾನು ಮುಖ ನೋಡಿದೊಡನೆ ಅಳೆದುಬಿಡುತ್ತೇನೆ, ಇವನು ಪ್ರಾಮಾಣಿಕ. ಎರಡೂ ಮುದ್ರೆ ಹಾಕಿಸಿ ಶುಕ್ರವಾರ ಕೈಗೆ ಕೊಡುತ್ತಾನಂತೆ, ಒಳಗಿನವರೆಲ್ಲ ಅವನ ತಮ್ಮಂದಿರಂತೆ. ಮಂಡಳಿಯ ಕಿಟಕಿಗೆ ಮತ್ತೆ ಹೋಗಿ ಆ ಎಡಗೈ ಮೇಡಮ್ಮಿನ ಮುಂದೆ ತಲೆ ತಗ್ಗಿಸುವುದಕ್ಕಿಂತ ಇದು ಎಷ್ಟೋ ಮೇಲು. ಬಿಲ್ಲಿನ ವಿವರ ಬರೆದುಕೊಂಡ.

ಚಹಾ ಖರ್ಚಿಗೆಂದು ಅವನಿಗೆ ಇನ್ನೂರು ಕೊಟ್ಟೆ.

ಮಾರ್ಚ್ ೧೪, ಶುಕ್ರವಾರ

ಬರಲಿಲ್ಲ. ಚಹಾ ಅಂಗಡಿಯಲ್ಲಿ ಆರು ಚಹಾ ಕುಡಿದೆ. ಫೋನು ಎತ್ತುತ್ತಿಲ್ಲ. ಸೋಮವಾರ ಎಂದು ಒಂದು ಸಂದೇಶ ಬಂದಿದೆ, ಕೆಳಗೆ ಕೈಮುಗಿದ ಚಿತ್ರ.

ಮಾರ್ಚ್ ೧೬, ಭಾನುವಾರ

ಮೆಟ್ಟಿಲು ಎಣಿಸಿದೆ. ಹದಿನೇಳು. ಇಳಿಯುವಾಗಲೂ ಹದಿನೇಳು.

ಮಾರ್ಚ್ ೧೭, ಸೋಮವಾರ

ಬಂತು! ಬಳ್ಳಿಯ ಅಂಚು, ಕೆಳಗೆ ಎರಡು ಮುದ್ರೆ, ನೀಲಿ ಒಂದು, ಕೆಂಪು ಒಂದು. ಸೆಂಟಿನವನು ಪ್ರಾಮಾಣಿಕನೆಂದು ನಾನು ಮೊದಲೇ ಬರೆದಿದ್ದೆ, ಪುಟ ತಿರುಗಿಸಿ ನೋಡಬಹುದು. ಕೊನೆಗೆ ಸ್ವಲ್ಪ ಹೆಚ್ಚು ಕೇಳಿದ. ಎಲ್ಲ ಸೇರಿ ಎರಡು ಸಾವಿರ ಆಗಿರಬಹುದು.

ನೇರ ಶೆಡ್ಡಿಗೇ ಹೋದೆ. ಪೊರಕೆರಾಣಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹೆಂಗಸರಿಗೆಲ್ಲ ಮೇಲೆತ್ತಿ ತೋರಿಸಿದಳು. ನೋಡ್ರೇ, ನಮ್ಮ ದೊಡ್ಡಪ್ಪ ಎಂದಳು. ದಾರ ಸುತ್ತುವ ಮುದುಕಿ, ನನಗಿಂತ ಹಿರಿಯಳು, ತನ್ನ ಸ್ಟೂಲು ಬಿಟ್ಟು ಎದ್ದು ನಿಂತಳು. ನಾನು ಹೇಳಿರಲಿಲ್ಲವೇ, ಎದ್ದು ನಿಲ್ಲುತ್ತಾರೆ ಎಂದು?

ಪತ್ರವನ್ನು ನಿಮ್ಮ ಹತ್ತಿರವೇ ಇಟ್ಕೊಳ್ಳಿ, ಗುರುವಾರ ಹಡಗಿನ ಏಜೆಂಟ್‌ಗೆ ನೀವೇ ಕೊಡಿ, ಇಲ್ಲಿ ಧೂಳು ಎಂದಳು.

ಮನೆಗೆ ಬಂದು ಮಂಚದ ಮೇಲೆ ಬಿಲ್ಲಿನ ಪ್ರತಿಯನ್ನೂ ಪತ್ರವನ್ನೂ ಪಕ್ಕಪಕ್ಕದಲ್ಲಿ ಹರಡಿ ಸುಮ್ಮನೆ ಆನಂದ ಪಡುತ್ತಿದ್ದೆ. ಬಿಲ್ಲಿನ ಮೇಲೆ ಮುದ್ರೆ ಎಡಕ್ಕೆ ವಾಲಿತ್ತು. ಪತ್ರದ ಮೇಲೆ ನೆಟ್ಟಗೆ ನಿಂತಿತ್ತು. ಸಿಪಾಯಿಯ ಹಾಗೆ.

ಅವತ್ತು ಮೇಡಂ ಮೊಣಕೈ ಎತ್ತಿ ಒತ್ತಿರಬಹುದು. ಮೇಜು ಬದಲಾಯಿಸಿರಬಹುದು. ರಜೆಯಲ್ಲಿದ್ದು ಬೇರೆಯವರು ಒತ್ತಿರಬಹುದು. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ಬರುವುದಿಲ್ಲವೆಂದು ಫೋನು ಮಾಡಿದೆ. ಕಟ್ಟಿಸಿದ ಹಲ್ಲು ಮಾತನ್ನು ಕೆಡಿಸುತ್ತದೆಂದು ಎಲ್ಲೋ ಓದಿದ್ದೇನೆ. ನನ್ನಂಥ ಮಾತುಗಾರನಿಗೆ ಅದು ಹೇಳಿಮಾಡಿಸಿದ್ದಲ್ಲ.

ಚಹಾ ಅಂಗಡಿಗೆ ಹೋದೆ. ಸೆಂಟಿನವನು ಇರಲಿಲ್ಲ. ಅಂಗಡಿಯವನು, ಅವನು ಇನ್ನು ಆರು ತಿಂಗಳು ಈ ಬೀದಿಗೆ ಬರಲ್ಲ, ನೀವು ಎಷ್ಟನೆಯವರು ಎಂದ. ರಸ್ತೆ ದಾಟಿ ಮಂಡಳಿಗೆ ಹೋದೆ. ನನ್ನ ಕಾಲು ತಾನಾಗಿ ಹೋಯಿತು, ನಾನು ಕಳಿಸಲಿಲ್ಲ.

ಎಡಗೈ ಮೇಡಂ ಪತ್ರವನ್ನು ಒಂದೇ ಒಂದು ಸಲ ನೋಡಿದರು. ಕೆಳಗಿನ ಡ್ರಾಯರು ತೆರೆದರು. ಅದರೊಳಗೆ ಇಂಥವೇ ಒಂದು ಕಟ್ಟು. ಇದನ್ನು ಕಳಿಸಿದ್ದರೆ ಸರಕು ಅಲ್ಲಿಯ ಬಂದರಿನಲ್ಲಿ ಹಿಡಿಯಲ್ಪಟ್ಟು, ಕಳಿಸಿದವರ ಹೆಸರು ಕಪ್ಪು ಪಟ್ಟಿಗೆ ಸೇರಿ, ಅವರ ಒಂದು ಪೊರಕೆಕಡ್ಡಿಯೂ ಮುಂದೆ ಈ ದೇಶ ದಾಟುತ್ತಿರಲಿಲ್ಲ ಎಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಹೊಸ ಪತ್ರ ಕೊಡಬಹುದಂತೆ. ಅದಕ್ಕೆ ಹಾಳಾದ ಮೂಲಪ್ರತಿ ವಾಪಸು ಕೊಡಬೇಕು. ಅದು ಹೇಗೆ ಹಾಳಾಯಿತೆಂದು ಹಾಳು ಮಾಡಿದವನ ಕೈಬರಹದ ಹೇಳಿಕೆ ಬೇಕು. ಆ ಹೇಳಿಕೆಯನ್ನು ಓದಿ ಒಪ್ಪಿದ್ದೇನೆಂದು ಸರಕಿನ ಒಡತಿ ಖುದ್ದಾಗಿ ಬಂದು ಸಹಿ ಹಾಕಬೇಕು. ಅವಳಿಗೆ ಹೇಳದೆ ಮಾಡುವ ದಾರಿ ಇಲ್ಲವೇ ಎಂದೆ. ಇಲ್ಲ ಎಂದರು. ಗಡಿಯಾರ ಒಂದೂವರೆ. ಕಿಟಕಿ ಮುಚ್ಚುವುದು ನಾಲ್ಕಕ್ಕೆ. ಬುಧವಾರ ದೂತಾವಾಸಕ್ಕೆ ಕೊಡದಿದ್ದರೆ ಗುರುವಾರ ಕೈಗೆ ಬರುವುದಿಲ್ಲ.

ಮನೆಗೆ ಓಡಿ ದಿಂಬಿನಿಂದ ಹಾಳಾದ ಪತ್ರ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅವಳು ಪೊರಕೆ ಎಣಿಸಿ ಇಪ್ಪತ್ತೈದರ ಕಟ್ಟು ಕಟ್ಟುತ್ತಿದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡದೆ ಪೊರಕೆ ನೋಡಿದೆ. ಹನ್ನೊಂದು ಜನರ ಕೈಯೂ ನಿಂತಿತು. ಅವಳ ಕೈ ನಿಲ್ಲಲಿಲ್ಲ, ಇಪ್ಪತ್ತೈದು ಮುಗಿಸಿ ಗಂಟು ಬಿಗಿದಳು.

"ಎಷ್ಟಕ್ಕೆ ಮುಚ್ತಾರೆ?"

"ನಾಲ್ಕಕ್ಕೆ."

"ಹಾಗಾದ್ರೆ ಬೈಯೋಕೆ ಟೈಮಿಲ್ಲ. ಹತ್ತಿ ದೊಡ್ಡಪ್ಪ," ಎಂದು ಸ್ಕೂಟರಿನ ಕೀಲಿ ತೆಗೆದಳು.

ದಾರಿಯುದ್ದಕ್ಕೂ ಬೆನ್ನ ಹಿಂದೆ ಕೂತು ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಹುಲ್ಲಿನ ಎಳೆ ನೋಡುತ್ತಿದ್ದೆ. ತೆಗೆಯಲು ಧೈರ್ಯವಾಗಲಿಲ್ಲ.

ಹೇಳಿಕೆ ಬರೆಯಲು ಕೂತೆ. ಮೊದಲು, ಬಸ್ಸಿನಲ್ಲಿ ಕಳ್ಳರು ಕಸಿದರು, ನಾನು ಹೋರಾಡುವಾಗ ಹರಿಯಿತು ಎಂದು ಬರೆದೆ. ಮೇಡಂ ಓದಿ ಇನ್ನೊಂದು ಹಾಳೆ ಕೊಟ್ಟರು. ಮಳೆಯಲ್ಲಿ ನೆನೆಯಿತು ಎಂದು ಬರೆದೆ. ಅವರು ಕಿಟಕಿಯಾಚೆಯ ಬಿಸಿಲು ನೋಡಿ ಮೂರನೇ ಹಾಳೆ ಕೊಟ್ಟರು.

"ನಡೆದದ್ದು ಬರೀರಿ ಯಜಮಾನ್ರೆ. ನೀವು ಏನು ಬರೆದ್ರೂ ಅದರ ಕೆಳಗೆ ನಾನು ಮುದ್ರೆ ಒತ್ತಬೇಕು," ಎಂದರು.

ಬರೆದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ವಯಸ್ಸು ಐವತ್ತೆಂಟು ಎಂದದ್ದನ್ನು ಹೊಡೆದು ಅರವತ್ತಾರು ಮಾಡಿದೆ. ಏಕೆ ಲ್ಯಾಮಿನೇಶನ್ ಮಾಡಿಸಿದೆ ಎನ್ನುವಲ್ಲಿ ಗೆದ್ದಲಿನ ಕಥೆ ಬಂತು, ಅದರಲ್ಲಿ ಮೆಟ್ರಿಕ್ ಎಂದು ಬರೆಯಲು ಹೋದ ಪೆನ್ನು ನಿಂತಿತು. ಗೆದ್ದಲು ತಿಂದದ್ದು ಏಳನೇ ತರಗತಿಯ ಪತ್ರ. ಹಾಗೇ ಬರೆದೆ. ಅವಳು ಓದಿ ಸಹಿ ಹಾಕಿದಳು. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಹೊಸ ಪತ್ರದ ಮೇಲೆ ಮುದ್ರೆ ಬಿತ್ತು. ಎಡಕ್ಕೆ ವಾಲಿ.

ಆ ಸುಳ್ಳು ಪತ್ರದ ದಲ್ಲಾಳಿಗೆ ಎಷ್ಟು ಕೊಟ್ಟಿರಿ ಎಂದು ಮೇಡಂ ಕೇಳಿದರು. ಎರಡು ಸಾವಿರ ಎಂದೆ. ಅದಕ್ಕೆ ಕಾಲಮ್ಮು ಇರಲಿಲ್ಲ, ಹಾಗಾಗಿ ಸುಳ್ಳು ಬರೆದಂತಾಗಲಿಲ್ಲ.

ಮಾರ್ಚ್ ೧೯, ಬುಧವಾರ

ಆರೂವರೆಗೇ ದೂತಾವಾಸದ ಬಾಗಿಲಲ್ಲಿ ನಿಂತೆ. ಸಾಲಿನಲ್ಲಿ ಮೊದಲಿಗ, ಇದು ನಿಜ. ಪತ್ರವನ್ನು ಎರಡು ರಟ್ಟಿನ ನಡುವೆ ಇಟ್ಟು ಎದೆಗೆ ಹಿಡಿದಿದ್ದೆ. ನನ್ನ ಹಿಂದಿದ್ದ ಚರ್ಮದ ಚಪ್ಪಲಿ ಕಳಿಸುವವನ ಅರ್ಜಿಯಲ್ಲಿ ಪೆಟ್ಟಿಗೆಯ ತೂಕ ಇರಲಿಲ್ಲ. ಹೇಳಿ ಬರೆಸಿದೆ. ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡು, ಲ್ಯಾಮಿನೇಶನ್ ಮಾತ್ರ ಮಾಡಿಸಬೇಡ ಮಾರಾಯ ಎಂದೆ. ಅಷ್ಟೂ ಗೊತ್ತಿಲ್ಲದವರು ಇರ್ತಾರಾ ಎಂದು ನಕ್ಕ. ಇರ್ತಾರೆ ಎಂದೆ.

ಗಾಜಿನ ಹಿಂದಿನವನು ನನ್ನನ್ನು ಗುರುತಿಸಿದ. ಪತ್ರವನ್ನು ಬೆರಳಿನಿಂದ ಮುಟ್ಟಿ ನೋಡಿ, ಕಾಗದ ಎಂದ. ಕಾಗದ ಎಂದೆ ನಾನೂ.

ಮಾರ್ಚ್ ೨೦, ಗುರುವಾರ

ಎರಡು ಗಂಟೆಗೆ ಕೊಡುತ್ತೇವೆಂದವರು ಮೂರಕ್ಕೆ ಕೊಟ್ಟರು. ಹಡಗಿನ ಏಜೆಂಟರ ಕಚೇರಿ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು. ಮೂರು ನಲವತ್ತಕ್ಕೆ ಅವರ ಮೇಜಿನ ಮೇಲಿಟ್ಟೆ. ರಸೀದಿ ಕೊಟ್ಟರು. ಮಡಚಿ ಜೇಬಿನಲ್ಲಿಟ್ಟೆ, ಹಾಗೇ, ಬರಿಯ ಕಾಗದ.

ಪೊರಕೆರಾಣಿಗೆ, ಅಲ್ಲ, ಶೆಡ್ಡಿನ ಯಜಮಾನಿಗೆ ಫೋನು ಮಾಡಿದೆ. ಕೊಟ್ಟಾಯ್ತು ಎಂದೆ. ಇನ್ನೊಂದು ಮಾತು ಸೇರಿಸಬೇಕೆನಿಸಲಿಲ್ಲ. ಆ ಕಡೆಯಿಂದ ಅವಳು ಮೂಗು ಒರೆಸಿಕೊಂಡದ್ದು ಕೇಳಿತು. ಹುಲ್ಲಿನ ಧೂಳು ಎಂದಳು.

ಮಾರ್ಚ್ ೨೪, ಸೋಮವಾರ

ಹಡಗು ಶನಿವಾರ ಬಿಟ್ಟಿತಂತೆ, ಪೊರಕೆ ಅದರೊಳಗಿವೆಯಂತೆ. ಶೆಡ್ಡಿಗೆ ಎರಡು ದಿನ ರಜೆ. ಯಜಮಾನಿ ಇವತ್ತು ಮನೆಯಲ್ಲೇ ಇದ್ದಳು, ಬೆರಳಿನ ಪಟ್ಟಿ ಬಿಚ್ಚಿದ್ದಳು. ಮುಂದಿನ ಸಲ ಕಾಗದಕ್ಕೆ ಇಬ್ಬರೂ ಹೋಗೋಣ ದೊಡ್ಡಪ್ಪ, ನೀವು ಸಾಲಿನಲ್ಲಿ ನಿಲ್ಲಿ, ನಾನು ಪತ್ರ ಹಿಡ್ಕೋತೀನಿ ಎಂದಳು. ಮುಂದಿನ ಸಲ ಎಂದಳು.

ಮಧ್ಯಾಹ್ನ ತಮ್ಮನ ಹೆಂಡತಿ ನನ್ನ ಕೋಣೆ ಗುಡಿಸಲು ಬಂದವಳು, ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಯನ್ನು ಒರೆಸಲೆಂದು ಎತ್ತಿದಳು. ಎತ್ತಿದವಳು ಹಾಗೇ ಹಿಡಿದು ನಿಂತಳು. ಮೆಲ್ಲಗೆ ಅಲುಗಿಸಿದಳು. ಡಬ್ಬಿ ಏನೂ ಅನ್ನಲಿಲ್ಲ.

"ಹಲ್ಲಿನ ಡಾಕ್ಟ್ರ ಹತ್ರ ಯಾವಾಗ ಹೋಗ್ತೀರಿ ಭಾವ?"

"ಹಲ್ಲಿಲ್ಲದಿದ್ರೂ ನನ್ನ ಮಾತಿಗೇನು ಕಮ್ಮಿ?"

ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. ಕೆಮ್ಮಲಿಲ್ಲ. ಸಂಜೆ ಚಹಾದ ಜೊತೆ ನನ್ನ ರೊಟ್ಟಿಯ ಅಂಚನ್ನೆಲ್ಲ ಕತ್ತರಿಸಿ ತೆಗೆದು ಮೆತ್ತನೆಯ ನಡುಭಾಗ ಮಾತ್ರ ತಂದಿಟ್ಟಳು. ಅಮ್ಮ ಮಗಳು ಅಡುಗೆಮನೆಯಲ್ಲಿ ಬಹಳ ಹೊತ್ತು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳಲು ನೋಡಿದೆ, ಕೇಳಿಸಲಿಲ್ಲ.

ಆಮೇಲೆ ಯಜಮಾನಿ ಮೇಲೆ ಬಂದು, ಬಾಗಿಲಲ್ಲೇ ನಿಂತು, ನಿಜವಾಗ್ಲೂ ಎಷ್ಟು ಹೋಯ್ತು ದೊಡ್ಡಪ್ಪ ಎಂದಳು. ಬಾಯಿ ತೆರೆದೆ. ಎರಡು ಸಾವಿರ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಬರೆದು ಕೊಡ್ತೀನಿ ಎಂದೆ. ಅವಳು ನಗಲಿಲ್ಲ. ಹೂಂ, ಬರೀರಿ, ನಾನು ಸಹಿ ಹಾಕ್ತೀನಿ ಎಂದು ಇಳಿದುಹೋದಳು.

ಅವಳಿಗೆ ಕೊಡುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಹನ್ನೆರಡನೇ ತಾರೀಕಿನ ಇನ್ನೂರು ಸುಳ್ಳು. ಹದಿನೇಳರ ಎರಡು ಸಾವಿರವೂ ಸುಳ್ಳು. ಸೆಂಟಿನವನಿಗೆ ಕೊಟ್ಟದ್ದು ಮೊದಲ ದಿನ ಹತ್ತು ಸಾವಿರ, ಪತ್ರ ಕೊಟ್ಟ ದಿನ ಡಬ್ಬಿಯಲ್ಲಿ ಉಳಿದದ್ದೆಲ್ಲ. ಒಟ್ಟು ಹತ್ತೊಂಬತ್ತು ಸಾವಿರದ ನಾನೂರು.

ಲ್ಯಾಮಿನೇಶನ್ನಿನ ಮೂವತ್ತು ಬೇರೆ.